ರಕ್ತದ ಸೋಂಕು: ರಾತ್ರಿ ಪಾಳಿಯ ಯಂತ್ರಗಳು

ಟೊರಾಂಟೊ ಹೊರವಲಯದ ಸ್ಟೌಫ್‌ವಿಲ್‌ನವರಿಗೆ ಹತ್ತಿರದ ದೊಡ್ಡಾಸ್ಪತ್ರೆ ಪಕ್ಕದ ಮಾರ್ಕಮ್‌ನಲ್ಲಿದೆ. 1990ರಲ್ಲಿ ಶುರುವಾದ ಅದರ ಹೆಸರೇ ಮಾರ್ಕಮ್ ಸ್ಟೌಫ್‌ವಿಲ್ ಆಸ್ಪತ್ರೆ. ನಡುಗಿಸುವ ಚಳಿಜ್ವರ, ಇಳಿಯುತ್ತಿರುವ ರಕ್ತದೊತ್ತಡ, ತಡವರಿಸುವ ಮಾತು: ಇವಿಷ್ಟನ್ನು ಹೊತ್ತು ರೋಗಿಯೊಬ್ಬರು ನಡುರಾತ್ರಿ ಇಂಥ ಆಸ್ಪತ್ರೆಗೆ ಬಂದರೆ ರಕ್ತಕ್ಕೆ ಸೋಂಕು ಏರಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಬಾಟಲಿಗಳಿಗೆ ರಕ್ತ ತುಂಬಿಸಿ, ಬೆನ್ನಿಗೇ ಆಂಟಿಬಯಾಟಿಕ್ ಶುರುಮಾಡುತ್ತಾರೆ. ಆ ಔಷಧ ಅಂದಾಜಿನದು. ಒಳಹೊಕ್ಕ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.

ತಡವಾದರೆ ಏನಾಗುತ್ತದೆ? ಕೆನಡಾದ ವಿನಿಪೆಗ್‌ನ ವೈದ್ಯ ಆನಂದ್ ಕುಮಾರ್ ಮತ್ತು ಸಂಗಡಿಗರು ಸೋಂಕಿನಿಂದ ರಕ್ತದೊತ್ತಡ ಕುಸಿಯುವ ‘ಸೆಪ್ಟಿಕ್ ಶಾಕ್’ಗೆ ಒಳಗಾದ 2,731 ರೋಗಿಗಳ ದಾಖಲೆ ಪರಿಶೀಲಿಸಿ 2006ರಲ್ಲಿ ಉತ್ತರ ಕೊಟ್ಟರು. ರಕ್ತದೊತ್ತಡ ಕುಸಿದ ಮೊದಲ ಆರು ಗಂಟೆಗಳಲ್ಲಿ, ನಾಟುವಂಥ ಔಷಧ ಒಂದೊಂದು ಗಂಟೆ ತಡವಾದಾಗಲೂ ಬದುಕುಳಿಯುವ ಪ್ರಮಾಣ ಸರಾಸರಿ ಶೇ. 7.6ರಷ್ಟು ಕಡಿಮೆಯಾಗಿತ್ತು.

ಪ್ರಯೋಗಾಲಯದ ಕಷ್ಟವೂ ಸಣ್ಣದಲ್ಲ. ಸೋಂಕು ಏರಿದ ವಯಸ್ಕರ ಒಂದು ಮಿಲಿಲೀಟರ್ ರಕ್ತದಲ್ಲಿ ಕೆಲವೊಮ್ಮೆ ಒಂದೆರಡೇ ಬ್ಯಾಕ್ಟೀರಿಯಾಗಳಿರುತ್ತವೆ. ಅದಕ್ಕೇ ಬಾಟಲಿಯೊಂದಕ್ಕೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. ಬಾಟಲಿಯೊಳಗಿನ ಪೋಷಕ ದ್ರವದಲ್ಲಿ ಅವು ಬೆಳೆಯಬೇಕು. ಹಾಲು ಹೆಪ್ಪುಗಟ್ಟುವಂತೆ ಅದಕ್ಕೂ ತನ್ನದೇ ಹೊತ್ತು ಬೇಕು. ಯಂತ್ರ ಬಾಟಲಿಯನ್ನು ಮೈಶಾಖದಲ್ಲಿಟ್ಟು ಅಲುಗಿಸುತ್ತಿರುತ್ತದೆ. ಬ್ಯಾಕ್ಟೀರಿಯಾ ಹೆಚ್ಚಿದಂತೆ ಹೊರಬರುವ ಇಂಗಾಲದ ಡೈಆಕ್ಸೈಡ್ ತಳದಲ್ಲಿರುವ ಸೆನ್ಸರ್‌ನ ಬಣ್ಣ ಬದಲಿಸುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡುವ ಯಂತ್ರ, ಬದಲಾವಣೆ ಕಂಡೊಡನೆ ಸದ್ದು ಮಾಡುತ್ತದೆ.

ರಾತ್ರಿ ಎರಡಕ್ಕೆ ಸದ್ದಾದರೆ?

ಹಳೆಯ ಕ್ರಮದಲ್ಲಿ ಬೆಳಗಿನ ಪಾಳಿಯವರು ಬರುವವರೆಗೆ ಬಾಟಲಿ ಅಲ್ಲೇ ಇರುತ್ತಿತ್ತು. ಹಲವು ಆಸ್ಪತ್ರೆಗಳ ಪರೀಕ್ಷೆ ಒಂದೇ ಕೇಂದ್ರದಲ್ಲಿ ನಡೆಯುವ ಕಡೆ ವ್ಯಾನಿನ ಪ್ರಯಾಣವೂ ಇದಕ್ಕೆ ಸೇರುತ್ತದೆ. ಯಾಂತ್ರೀಕರಣ ಉಳಿಸುವುದು ಈ ವ್ಯರ್ಥ ಗಂಟೆಗಳನ್ನೇ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಕೀಸ್ಟ್ರಾ, ಇಟಲಿಯ ವಾಸ್ಪ್‌ಲ್ಯಾಬ್ ಮುಂತಾದ ವ್ಯವಸ್ಥೆಗಳು ಮಾದರಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಚ್ಚಿ, ಬೆಲ್ಟಿನ ಮೇಲೆ ಸಾಗಿಸಿ, ಇನ್‌ಕ್ಯುಬೇಟರ್‌ಗೆ ಸೇರಿಸುತ್ತವೆ. ನಿಗದಿತ ಗಂಟೆಗೆ ಕ್ಯಾಮೆರಾ ಫೋಟೊ ತೆಗೆಯುತ್ತದೆ. ತಂತ್ರಜ್ಞರು ತೆರೆಯ ಮೇಲೆ ನೋಡಿ ತೀರ್ಮಾನಿಸುತ್ತಾರೆ. ಮುಂದಿನ ಗುರುತಿಸುವಿಕೆ ಮಾಲ್ಡಿ-ಟಾಫ್ ಯಂತ್ರದ ಕೆಲಸ: ಲೇಸರ್ ತಾಗಿಸಿ, ಬ್ಯಾಕ್ಟೀರಿಯಾದ ಪ್ರೋಟೀನುಗಳ ತೂಕ ಅಳೆದು, ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಇಂಥ ವಿಧಾನಕ್ಕೆ ದಾರಿ ತೆರೆದ ಜಪಾನಿನ ಕೊಯಿಚಿ ತನಾಕಾ 2002ರ ರಸಾಯನ ವಿಜ್ಞಾನದ ನೊಬೆಲ್ ಹಂಚಿಕೊಂಡರು.

ಔಷಧ ನಾಟುತ್ತದೆಯೇ ಎಂಬ ಪರೀಕ್ಷೆಯೂ ಚುರುಕಾಗಿದೆ. ಯುರೋಪಿನ ಯೂಕ್ಯಾಸ್ಟ್ ಸಂಸ್ಥೆಯ ವಿಧಾನದಲ್ಲಿ ಬಾಟಲಿಯ ದ್ರವವನ್ನು ನೇರವಾಗಿ ತಟ್ಟೆಗೆ ಹಚ್ಚಿ 4, 6 ಅಥವಾ 8 ಗಂಟೆಗಳಲ್ಲಿ ಫಲಿತಾಂಶ ಓದಬಹುದು. ಆದರೆ ಆ ಓದು ಸರಿಯಾದ ಗಂಟೆಗೇ ಆಗಬೇಕು. ಆಂಟಿಬಯಾಟಿಕ್ ಕೊಡುವ ಮೊದಲೇ ರಕ್ತ ತೆಗೆದಿರಬೇಕು. ಫಲಿತಾಂಶ ಬಂದೊಡನೆ ವಾರ್ಡಿಗೆ ಫೋನ್ ಹೋಗಬೇಕು. ಸ್ಟೌಫ್‌ವಿಲ್ ಇರಲಿ, ಕರ್ನಾಟಕದ ಜಿಲ್ಲಾಸ್ಪತ್ರೆ ಇರಲಿ, ಯಂತ್ರ ಕೊಳ್ಳುವ ಆಡಳಿತಗಳು ರಾತ್ರಿ ಪಾಳಿಯ ತಂತ್ರಜ್ಞರ ಸಂಬಳಕ್ಕೂ ಅದೇ ಬಜೆಟ್ಟಿನಲ್ಲಿ ಹಣ ಎತ್ತಿಡಬೇಕು.