ಗದ್ದಲಕ್ಕೆ ತಾಳ ಕೂಡಿದಾಗ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಕಿವಿಗೆ ಬೀಳುವುದು ಮೂರು ನಾಲ್ಕು ಬಗೆಯ ಸದ್ದು. ತಗಡು ಒತ್ತುವ ಪವರ್ ಪ್ರೆಸ್ಸಿನ ಹೊಡೆತ, ಲೇತ್ ಯಂತ್ರದ ಗುಂಯ್‌ಗುಟ್ಟುವಿಕೆ, ಗ್ರೈಂಡರಿನ ಕಿರುಚಾಟ, ಕಂಪ್ರೆಸರ್ ಗಾಳಿ ಬಿಡುವ ಬುಸ್ ಎನ್ನುವ ಸದ್ದು. ಇದನ್ನು ಸಂಗೀತ ಎಂದರೆ ಅಲ್ಲಿ ದುಡಿಯುವವರು ಒಪ್ಪಲಿಕ್ಕಿಲ್ಲ. ಆದರೂ ಇಂಥ ಸದ್ದನ್ನೇ ನೆಚ್ಚಿಕೊಂಡ ಸಂಗೀತವೊಂದಿದೆ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಧ್ವನಿಮುದ್ರಣ ಸಂಸ್ಥೆಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟಿತು; ಆ ಪ್ರಕಾರಕ್ಕೂ ಇಂಡಸ್ಟ್ರಿಯಲ್ ಎಂಬ ಹೆಸರೇ ನಿಂತಿತು. ಮುಂದೆ ಅದಕ್ಕೆ ಡ್ರಮ್ ಮಷೀನಿನ ಬಿಗಿಯಾದ ಲಯ ಸೇರಿತು, ಜನ ಕುಣಿಯತೊಡಗಿದರು. ತಲೆನೋವು ತರಬೇಕಾದ ಗದ್ದಲ ಕಾಲನ್ನು ಹೇಗೆ ಕುಣಿಸುತ್ತದೆ?

ಉತ್ತರದ ಒಂದು ತುದಿ ಸಿ.ವಿ. ರಾಮನ್ ಅವರ ಕೆಲಸದಲ್ಲಿದೆ. 1933ರಲ್ಲಿ ಬೆಂಗಳೂರಿಗೆ ಬಂದು, 1948ರಲ್ಲಿ ಮೇಖ್ರಿ ಸರ್ಕಲ್ ಬಳಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದ ರಾಮನ್, ಅದಕ್ಕೂ ಬಹಳ ಮೊದಲು ಕಲ್ಕತ್ತೆಯಲ್ಲಿದ್ದಾಗ ನಮ್ಮ ವಾದ್ಯಗಳ ಬೆನ್ನು ಹತ್ತಿದ್ದರು. ತಂಬೂರಿಯ ತಂತಿ ಮೀಟಿದಾಗ ಮೂಲಸ್ವರದ ಜೊತೆಗೆ ಅದರ 2, 3, 4 ಪಟ್ಟು ಕಂಪನಾಂಕದ ಉಪಸ್ವರಗಳೂ ಏಳುತ್ತವೆ. ಈ ಪೂರ್ಣಾಂಕಗಳ ಲೆಕ್ಕ ಸರಿಯಾಗಿ ಕೂತಾಗ ಕಿವಿ ಅದನ್ನು ಒಂದೇ ಸ್ವರವೆಂದು ಗುರುತಿಸುತ್ತದೆ. ಬಿಗಿದ ಚರ್ಮದ ವಿಷಯ ಹಾಗಲ್ಲ. ಅದರ ಉಪಸ್ವರಗಳು ಮೂಲದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಬೀಳುತ್ತವೆ. ಅದಕ್ಕೇ ಸಾಮಾನ್ಯ ಡೋಲಿನಲ್ಲಿ ಶ್ರುತಿ ಸ್ಪಷ್ಟವಾಗಿ ಕೇಳುವುದಿಲ್ಲ. ಮೃದಂಗದ ಬಲಮುಖದ ಮೇಲಿನ ಕಪ್ಪು ಲೇಪ, ಅಂದರೆ ಕರಣೆ, ತನ್ನ ಭಾರದಿಂದ ಈ ಉಪಸ್ವರಗಳನ್ನು ಪೂರ್ಣಾಂಕಗಳ ಹತ್ತಿರಕ್ಕೆ ಎಳೆದು ತರುತ್ತದೆ ಎಂದು ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಚರ್ಮದೊಳಗಿನ ಗದ್ದಲವನ್ನು ಪಳಗಿಸಿ ಸ್ವರ ಮಾಡಿದ ನಮ್ಮ ಕುಶಲಕರ್ಮಿಗಳ ಬುದ್ಧಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ ಎಂದು ನನಗನ್ನಿಸುತ್ತದೆ.

ಇಂಡಸ್ಟ್ರಿಯಲ್ ಸಂಗೀತಗಾರ ಮಾಡುವುದು ಇದರ ತದ್ವಿರುದ್ಧ ಕೆಲಸ. ತೂಗುಬಿಟ್ಟ ಉಕ್ಕಿನ ಸರಳನ್ನು ಬಡಿದರೆ ಉಪಸ್ವರಗಳು 2.76, 5.40, 8.93 ಪಟ್ಟು ದೂರದೂರಕ್ಕೆ ಹಾರುತ್ತವೆ. ಲೋಹದ ಸದ್ದಿನ ಒರಟುತನಕ್ಕೆ ಕಾರಣ ಅದೇ, ಸಂಗೀತಗಾರನಿಗೆ ಬೇಕಾದದ್ದೂ ಅದೇ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮಷೀನಿನಲ್ಲಿ ಸಿಂಬಲ್ ಎಂಬ ಲೋಹದ ತಾಳದ ಸದ್ದು ಬರಿಸಲು ಒಂದಕ್ಕೊಂದು ಹೊಂದದ ಕಂಪನಾಂಕದ ಆರು ಆಂದೋಲಕಗಳನ್ನು (ಆಸಿಲೇಟರ್) ಜೋಡಿಸಿದ್ದರು. ಲೋಹವೇ ಇಲ್ಲದೆ, ಬರೀ ಟ್ರಾನ್ಸಿಸ್ಟರು, ಕೆಪಾಸಿಟರುಗಳಿಂದ ಲೋಹದ ಅಶಿಸ್ತನ್ನು ಕಟ್ಟಿದ ಸರ್ಕ್ಯೂಟ್ ಅದು.

ಇನ್ನೊಂದು ಉಪಾಯ ಡಿಸ್ಟಾರ್ಷನ್. ನುಣುಪಾದ ಅಲೆಯೊಂದನ್ನು ಆಂಪ್ಲಿಫೈಯರಿನ ಶಕ್ತಿಗೆ ಮೀರಿ ಹಿಗ್ಗಿಸಿದರೆ ಅದರ ತುದಿಗಳು ಕತ್ತರಿಸಿದಂತಾಗಿ ಅಲೆ ಚೌಕಾಕಾರಕ್ಕೆ ತಿರುಗುತ್ತದೆ. ಚೌಕಾಕಾರದ ಅಲೆ ಎಂದರೆ ಮೂಲಸ್ವರದ ಜೊತೆಗೆ ಅದರ 3, 5, 7ನೇ ಉಪಸ್ವರಗಳು ಸಾಲಾಗಿ ಎದ್ದವು ಎಂದರ್ಥ. ಒಂದೇ ಬಾರಿ ಎರಡು ಮೂರು ಸ್ವರಗಳನ್ನು ಹೀಗೆ ಹಿಗ್ಗಿಸಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಕಂಪನಾಂಕಗಳೂ ಹುಟ್ಟಿ ಧ್ವನಿ ಗರಗಸದಂತೆ ಕೊರೆಯುತ್ತದೆ.

ಇಷ್ಟನ್ನೂ ಒಬ್ಬನೇ ಮಾಡಬಲ್ಲ ಎನ್ನುವುದು 1980ರ ದಶಕದ ಕೊಡುಗೆ. 1983ರಲ್ಲಿ ಬಂದ ಮಿಡಿ ಎಂಬ ಸಂಕೇತ ವ್ಯವಸ್ಥೆ ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಒಂದೇ ಗಡಿಯಾರಕ್ಕೆ ಕಟ್ಟಿತು. ಪ್ರತಿ ತಾಳಕ್ಕೆ 24 ಮಿಡಿತ. ನಿಮಿಷಕ್ಕೆ 120 ತಾಳದ ವೇಗದಲ್ಲಿ ಸೆಕೆಂಡಿಗೆ 48 ಮಿಡಿತ. ಅಮೆರಿಕದ ಟ್ರೆಂಟ್ ರೆಜ್ನರ್ ಕ್ಲೀವ್‌ಲ್ಯಾಂಡಿನ ಸ್ಟುಡಿಯೊವೊಂದರಲ್ಲಿ ಕೆಲಸಕ್ಕಿದ್ದು, ಬಿಡುವಿನ ಹೊತ್ತಿನಲ್ಲಿ ಅಲ್ಲೇ ಒಂಟಿಯಾಗಿ ತಮ್ಮ ಹಾಡುಗಳ ಕರಡು ಮುದ್ರಿಸಿಕೊಂಡರು. ಆ ಕರಡೇ 1989ರಲ್ಲಿ ನೈನ್ ಇಂಚ್ ನೇಲ್ಸ್ ಹೆಸರಿನಲ್ಲಿ ‘ಪ್ರೆಟಿ ಹೇಟ್ ಮಷೀನ್’ ಆಲ್ಬಮ್ ಆಯಿತು. ಹೆಸರು ತಂಡದ್ದು, ಒಳಗಿದ್ದವರು ಬಹುಮಟ್ಟಿಗೆ ಒಬ್ಬರೇ. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಸಾಹಸ 1982ರದ್ದು. ಮುಂಬಯಿ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ ಮೂರು ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದರು. ಆಗ ಅದನ್ನು ಕೇಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, 1987ರ ಶಿಕಾಗೊದ ಆಸಿಡ್ ಹೌಸ್ ಸಂಗೀತಕ್ಕಿಂತ ಐದು ವರ್ಷ ಮೊದಲೇ ಅದೇ ಬಗೆಯ ನಾದ ಇಲ್ಲಿ ಹುಟ್ಟಿತ್ತೆಂದು ಜಗತ್ತು ಬೆರಗಾಯಿತು.

ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರೂ ಕೊಳಲುವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರು. ಇಂದು ಕಛೇರಿ ವೇದಿಕೆಗಳಲ್ಲಿ ಕಾಣುವ ರಾಡೆಲ್ ಪೆಟ್ಟಿಗೆಗಳು ಅವರ ಕೊಡುಗೆ. ಅಲ್ಲಿರುವುದೂ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳ ವಿದ್ಯೆಯೇ. ಅವರು ಅದನ್ನು ಶುದ್ಧ ಶ್ರುತಿಯ ಕಡೆಗೆ ಒಯ್ದರು, ಇಂಡಸ್ಟ್ರಿಯಲ್‌ನವರು ಗದ್ದಲದ ಕಡೆಗೆ.

ಹಾಗಾದರೆ ಗದ್ದಲದಲ್ಲಿ ಉಳಿದ ಶಿಸ್ತು ಯಾವುದು? ತಾಳ. ಸ್ವರದೊಳಗಿನ ಲೆಕ್ಕವನ್ನು ಬಿಟ್ಟುಕೊಟ್ಟವನು ಕಾಲದ ಲೆಕ್ಕವನ್ನು ಕೂದಲೆಳೆಯಷ್ಟೂ ಬಿಡುವುದಿಲ್ಲ. ಅದೇ ಈ ಸಂಗೀತದ ಗುಟ್ಟು. ಯಂತ್ರಗಳಲ್ಲಿ ಈ ಕಾಲದ ಲೆಕ್ಕ ಮೊದಲೇ ಇದೆ. ಜಾಲಹಳ್ಳಿಯ ಎಚ್‌ಎಂಟಿಯನ್ನೇ ನೋಡಿ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ ತಯಾರಾದ ಜನತಾ ಕೈಗಡಿಯಾರದ ಯಂತ್ರ ಗಂಟೆಗೆ 18,000 ಬಾರಿ ಮಿಡಿಯುತ್ತದೆ, ಅಂದರೆ ಸೆಕೆಂಡಿಗೆ 5 ಟಿಕ್. ಸೆಕೆಂಡಿಗೊಂದು ತಾಳ ಹಾಕುತ್ತ ಅದನ್ನು ಕೇಳಿದರೆ ಪಕ್ಕಾ ಖಂಡ ನಡೆ: ತಕತಕಿಟ, ತಕತಕಿಟ. ಅದರ ಮೇಲೆ ನಿಮಿಷಕ್ಕೆ 120ರ ಡ್ರಮ್ ಹೊಡೆತ ಕೂರಿಸಿದರೆ ಒಂದು ಹೊಡೆತ ಟಿಕ್ ಮೇಲೆ ಬೀಳುತ್ತದೆ, ಮುಂದಿನದು ಮೂರನೇ ಮತ್ತು ನಾಲ್ಕನೇ ಟಿಕ್‌ಗಳ ನಟ್ಟನಡುವೆ. ಯಶವಂತಪುರದ ರೈಲು ಹಳಿಗೂ ಹಿಂದೆ ಇಂಥ ಲೆಕ್ಕವಿತ್ತು. 13 ಮೀಟರ್ ಉದ್ದದ ಹಳಿಗಳ ಕೀಲುಗಳ ಮೇಲೆ ರೈಲು ಗಂಟೆಗೆ ಸುಮಾರು 94 ಕಿಲೋಮೀಟರ್ ವೇಗದಲ್ಲಿ ಓಡಿದರೆ ಪ್ರತಿ ಗಾಲಿಯೂ ನಿಮಿಷಕ್ಕೆ 120 ಸಲ ಕಟಕ್ ಎನ್ನಬೇಕು. ಈಗ ಹಳಿಗಳನ್ನು ಬೆಸುಗೆ ಹಾಕುವುದರಿಂದ ಆ ಸದ್ದು ಮುಖ್ಯಮಾರ್ಗಗಳಲ್ಲಿ ಅಪರೂಪ. ರೈಲಿನ ಸದ್ದನ್ನೇ ಮುದ್ರಿಸಿ ಜೋಡಿಸಿ ಫ್ರಾನ್ಸಿನ ಪಿಯರ್ ಶೆಫರ್ ಕೃತಿ ರಚಿಸಿದ್ದು 1948ರಲ್ಲಿ.

ನಿಮಿಷಕ್ಕೆ 120 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಮನುಷ್ಯ ಸಹಜವಾಗಿ ನಡೆಯುವಾಗ ಸೆಕೆಂಡಿಗೆ ಎರಡು ಹೆಜ್ಜೆಯ ಆಸುಪಾಸಿನಲ್ಲಿರುತ್ತಾನೆ. ಆ ವೇಗದ ಲಯ ಕೇಳಿದಾಗ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಗಳೂ ಚುರುಕಾಗಿ ಮುಂದಿನ ಹೊಡೆತವನ್ನು ಊಹಿಸತೊಡಗುತ್ತವೆ.

ಇನ್ನೂ ಸ್ವಾರಸ್ಯದ ಪ್ರಯೋಗ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದು, 2022ರಲ್ಲಿ ಪ್ರಕಟವಾದದ್ದು. ಇಂಡಸ್ಟ್ರಿಯಲ್ ಛಾಯೆಯ ಆರ್ಫಿಕ್ಸ್ ಜೋಡಿಯ ಕಛೇರಿಗೆ ಬಂದವರ ತಲೆಗೆ ಚಲನೆ ಅಳೆಯುವ ಪಟ್ಟಿ ಕಟ್ಟಿದರು. ನಡುನಡುವೆ 8ರಿಂದ 37 ಹರ್ಟ್ಜ್‌ನ ಮಂದ್ರಾತಿಮಂದ್ರ ಸದ್ದು ಹೊಮ್ಮಿಸುವ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ ಆರಿಸಿದರು. ಸ್ಪೀಕರು ಚಾಲೂ ಇದ್ದಾಗ ಜನರ ಕುಣಿತ ಶೇ 11.8ರಷ್ಟು ಹೆಚ್ಚಿತ್ತು. ಆ ಸದ್ದು ಇದೆಯೋ ಇಲ್ಲವೋ ಎಂದು ಬೇರೆಯಾಗಿ ಪರೀಕ್ಷಿಸಿದಾಗ ಕೇಳುಗರಿಗೆ ಗುರುತಿಸಲು ಆಗಲಿಲ್ಲ. ಅರಿವಿಗೆ ಬಾರದ ಆ ಕಂಪನ ಚರ್ಮದ ಸ್ಪರ್ಶಜ್ಞಾನ ಮತ್ತು ಒಳಗಿವಿಯ ಸಮತೋಲನ ಅಂಗದ ಮೂಲಕ ಮೈಗೆ ಮುಟ್ಟುತ್ತಿರಬಹುದು ಎಂಬುದು ಸಂಶೋಧಕರ ವಿವರಣೆ.

ಕುಣಿಯುವವರಿಗೂ ಪ್ರೆಸ್ ಮುಂದೆ ದುಡಿಯುವವರಿಗೂ ಇರುವುದು ಒಂದೇ ಬಗೆಯ ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತ 100 ಡೆಸಿಬೆಲ್‌ನಲ್ಲಿ 15 ನಿಮಿಷಕ್ಕಿಳಿಯುತ್ತದೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕುಣಿಯುವವನು ಮನೆಗೆ ಹೋಗಬಹುದು. ಕಾರ್ಮಿಕ ನಾಳೆಯೂ ಅದೇ ಯಂತ್ರದ ಮುಂದೆ ನಿಲ್ಲಬೇಕು. ಅವನ ಕಿವಿಗೆ ರಕ್ಷಣೆ ಕೊಡುವುದು ಮಾಲೀಕನ ಕರ್ತವ್ಯ, ಉಪಕಾರವಲ್ಲ.

ಎಚ್‌ಎಂಟಿಯ ಕೈಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಪೀಣ್ಯದ ಹಳೆಯ ಪ್ರೆಸ್ಸುಗಳ ಜಾಗಕ್ಕೂ ಒಂದೊಂದಾಗಿ ಗಣಕಚಾಲಿತ ಯಂತ್ರಗಳು ಬರುತ್ತಿವೆ; ಅವುಗಳ ಸದ್ದೂ ಮರೆಯಾಗುತ್ತಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಒಂಟಿಯಾಗಿ ಸಂಗೀತ ಕಟ್ಟುವ ಯುವಕ ಯುವತಿಯರಲ್ಲಿ ನನ್ನದೊಂದು ಕೋರಿಕೆ. ವಿದೇಶದ ಸದ್ದಿನ ಕಡತಗಳನ್ನು ಕೊಳ್ಳುವ ಮೊದಲು ಪೀಣ್ಯಕ್ಕೆ ಹೋಗಿ, ಮಾಲೀಕರ ಅನುಮತಿ ಕೇಳಿ, ಕಿವಿಗೆ ಪ್ಲಗ್ ಹಾಕಿಕೊಂಡು, ಅಲ್ಲಿನ ಯಂತ್ರಗಳ ಸದ್ದನ್ನು ಮುದ್ರಿಸಿಕೊಳ್ಳಿ. ಯಂತ್ರದ ಹೆಸರು, ತಯಾರಾದ ವರ್ಷ, ನಿಮಿಷಕ್ಕೆ ಎಷ್ಟು ಹೊಡೆತ ಎಂಬುದನ್ನು ಜೊತೆಗೇ ಬರೆದಿಡಿ.