ಕವಾಟದ ಸ್ಪ್ರಿಂಗಿಗೆ ಮನೆಯಲ್ಲೇ ಒಂದು ಅಳತೆಗೋಲು

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ಸುತ್ತಿನ ಸೀಮೆ ತೆಂಗಿನ ತೋಟಗಳದು. ಇಂಥ ತೋಟಗಳಲ್ಲಿ ಉಳುವ ಟಿಲ್ಲರಿನ ಎಂಜಿನ್ನನ್ನು ಬಿಚ್ಚಿ, ಕವಾಟಗಳನ್ನು ಉಜ್ಜಿ ಕೂರಿಸಿದ ಮೇಲೂ ಅದು ವೇಗ ಹೆಚ್ಚಿದೊಡನೆ ಸೊರಗುವುದುಂಟು. ಕಾರಣಗಳು ಹಲವು. ಅವುಗಳಲ್ಲಿ ಒಂದು, ಒಂದೂವರೆ ಮಿಲಿಮೀಟರಿನಷ್ಟು ಸಣ್ಣದು. ಅಳೆಯದೆ ಕಣ್ಣಿಗೆ ಬೀಳದು.

ಮೆಕ್ಯಾನಿಕ್ಕರು ವಾಲ್ವು ಎನ್ನುವ ಈ ಕವಾಟವನ್ನು ಕ್ಯಾಮು ತೆರೆಯುತ್ತದೆ. ಮುಚ್ಚುವ ಹೊಣೆ ಸ್ಪ್ರಿಂಗಿನದು. ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 2400 ಸುತ್ತು ತಿರುಗಿದರೆ ಪ್ರತಿ ಕವಾಟವೂ ಸೆಕೆಂಡಿಗೆ 20 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗಿನ ಬಲ ಸಾಲದಾದರೆ ಕವಾಟ ಕ್ಯಾಮಿನ ಹಿಂದೆ ಓಡಲಾರದೆ ತಡವಾಗಿ ಮುಚ್ಚುತ್ತದೆ.

ಕವಾಟದ ಪೀಠವನ್ನು ಉಜ್ಜಿದಷ್ಟೂ ಕವಾಟ ಒಳಕ್ಕೆ ಇಳಿಯುತ್ತದೆ; ಅದರ ಕಾಂಡ ಅಷ್ಟೇ ಹೊರಕ್ಕೆ ಬರುತ್ತದೆ; ಸ್ಪ್ರಿಂಗು ಸಡಿಲವಾಗುತ್ತದೆ. ಎಷ್ಟು ಕುಗ್ಗಿಸಿದರೆ ಅಷ್ಟು ಬಲವೆಂಬುದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. ಉದಾಹರಣೆಗೆ, 50 ಮಿ.ಮೀ. ಉದ್ದದ ಸ್ಪ್ರಿಂಗೊಂದು ಮಿಲಿಮೀಟರಿಗೆ 2 ಕಿಲೋಗ್ರಾಂ ಭಾರದಂತೆ ಕುಗ್ಗುವುದೆನ್ನೋಣ. 40 ಮಿ.ಮೀ. ಎತ್ತರಕ್ಕೆ ಕೂರಿಸಿದಾಗ ಅದರ ಒತ್ತು 20 ಕಿಲೋ. ಎತ್ತರ 41.5 ಆದರೆ 17 ಕಿಲೋ ಮಾತ್ರ. ನೂರಕ್ಕೆ ಹದಿನೈದು ಪಾಲು ಸೋರಿಹೋಯಿತು!

ಈ ಎತ್ತರವನ್ನು ಅಳೆಯಲು 5 ಮಿ.ಮೀ. ಬೋಲ್ಟು, ಅದರ ನಟ್ಟು, ಬೋಲ್ಟು ಸಲೀಸಾಗಿ ಇಳಿಯುವಂಥ ತುಂಡು ಕೊಳವೆ, ಇಷ್ಟು ಸಾಕು. ಕೊಳವೆಯ ತುದಿಗಳನ್ನು ಅರದಿಂದ ಸಮನಾಗಿ ಉಜ್ಜಿರಿ. ನಟ್ಟು ಹಾಕಿದ ಬೋಲ್ಟನ್ನು ಅದರೊಳಗೆ ಇಳಿಬಿಟ್ಟರೆ ಪುಟ್ಟ ಜಾಕ್ ಸಿದ್ಧ. ಸ್ಪ್ರಿಂಗನ್ನು ತೆಗೆದು, ಮೇಲಿನ ಬಟ್ಟಲನ್ನೂ ಲಾಕುಗಳನ್ನೂ ಮತ್ತೆ ಜೋಡಿಸಿ, ಕವಾಟವನ್ನು ಪೀಠಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಕಾಂಡದ ಪಕ್ಕದಲ್ಲಿ ಜಾಕನ್ನು ನಿಲ್ಲಿಸಿ, ಬೋಲ್ಟಿನ ತಲೆ ಬಟ್ಟಲಿಗೆ ತಾಗುವವರೆಗೆ ನಟ್ಟನ್ನು ತಿರುಗಿಸಿರಿ. ಹೊರತೆಗೆದು ವರ್ನಿಯರ್ ಕ್ಯಾಲಿಪರಿನಿಂದ ಅಳೆದರಾಯಿತು. ಎರಡು ಮೂರು ಸಲ ಅಳೆಯುವುದು ಲೇಸು. ಕೈಯ ಬಿಗಿ ಪ್ರತಿಸಲವೂ ಒಂದೇ ಇರುವುದಿಲ್ಲ.

ಹೆಚ್ಚಿದ ಎತ್ತರದಷ್ಟೇ ದಪ್ಪದ ಗಟ್ಟಿ ಉಕ್ಕಿನ ವಾಷರನ್ನು ಸ್ಪ್ರಿಂಗಿನ ಕೆಳಗಿಟ್ಟರೆ ಹಳೆಯ ಒತ್ತು ಮರಳುತ್ತದೆ. ಆದರೆ ಧಾರಾಳ ಬೇಡ. ಕವಾಟ ಪೂರ್ತಿ ತೆರೆದಾಗಲೂ ಸುರುಳಿಗಳ ನಡುವೆ ಸಂದು ಉಳಿಯಬೇಕು. ಅವು ಒಂದಕ್ಕೊಂದು ಒತ್ತಿಕೊಂಡರೆ ತಳ್ಳುಸರಳು ಬಾಗುತ್ತದೆ.

ಸ್ಪ್ರಿಂಗೇ ದಣಿದಿದೆಯೋ ಎಂಬ ಸಂದೇಹಕ್ಕೆ ಸನ್ನೆಕೋಲಿನ ಪರೀಕ್ಷೆಯುಂಟು. ಕಬ್ಬಿಣದ ದಂಡದ ಒಂದು ತುದಿಗೆ ಕೀಲು ಹಾಕಿ, ಕೀಲಿನಿಂದ 10 ಸೆಂ.ಮೀ. ದೂರದಲ್ಲಿ ದಂಡದ ಕೆಳಗೆ ಸ್ಪ್ರಿಂಗನ್ನಿಟ್ಟು, 50 ಸೆಂ.ಮೀ. ದೂರದಲ್ಲಿ 4 ಕಿಲೋ ಮರಳಿನ ಚೀಲ ತೂಗಿಸಿದರೆ ಸ್ಪ್ರಿಂಗಿನ ಮೇಲೆ 20 ಕಿಲೋ ಬೀಳುತ್ತದೆ. ದಂಡದ ಸ್ವಂತ ಭಾರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಒತ್ತಿದ ಸ್ಪ್ರಿಂಗು ಚಿಮ್ಮದಂತೆ ನಡುವೆ ಒಂದು ಸರಳನ್ನು ತೂರಿಸಿರಬೇಕು. ನಮ್ಮ ಉದಾಹರಣೆಯ ಸ್ಪ್ರಿಂಗು ಇಷ್ಟು ಭಾರಕ್ಕೆ 40 ಮಿ.ಮೀ.ಗಿಂತಲೂ ಕೆಳಗಿಳಿದರೆ ವಾಷರಿನಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಹೊಸ ಸ್ಪ್ರಿಂಗನ್ನೇ ತರಬೇಕು.