ಸಂಸಾರ ಸಮೇತ ಪ್ರಯಾಣ

ಒಬ್ಬನೇ ಹೊರಟವನಿಗೆ ಒಂದು ಚೀಲ ಸಾಕು. ಹದಿನಾಲ್ಕು ಜನ ಹೊರಟರೆ ಚೀಲಗಳು ಹದಿನಾಲ್ಕಕ್ಕೆ ನಿಲ್ಲುವುದಿಲ್ಲ. ಬುತ್ತಿಯ ಗಂಟು, ಕೂಸಿನ ಬಟ್ಟೆ, ಅಜ್ಜನ ಔಷಧಿ, ತನ್ನದೆಂದು ಯಾರೂ ಒಪ್ಪದ ಒಂದು ಕೊಡೆ, ಇವೂ ಜೊತೆಗೆ ಹೊರಡುತ್ತವೆ. ‘ಸಂಸಾರ’ವೆಂಬ ಶಬ್ದದಲ್ಲಿರುವ ‘ಸೃ’ ಧಾತುವಿಗೆ ಚಲಿಸು ಎಂದು ಅರ್ಥ. ‘ಸಂ’ ಎಂಬ ಉಪಸರ್ಗಕ್ಕೆ ಕೂಡಿ ಎಂಬ ಅರ್ಥವೂ ಉಂಟು. ಕೂಡಿ ಚಲಿಸುವುದು ಎಷ್ಟು ಕಷ್ಟವೆಂಬುದು ಬಸ್ಸು ಬಂದು ನಿಂತಾಗ ತಿಳಿಯುತ್ತದೆ.

ದಕ್ಷಿಣ ಕನ್ನಡದ ಒಂದು ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಮುಂದೆ ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ, ಬಳಿಕ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಧರ್ಮಸ್ಥಳ, ಮರಳುವಾಗ ಬಂಟ್ವಾಳ. ನಕ್ಷೆಯಲ್ಲಿ ಇದು ಒಂದು ಹಗಲಿನ ದಾರಿ. ಆದರೆ ನಕ್ಷೆಯಲ್ಲಿ ಅಜ್ಜಿಯ ಮೊಣಕಾಲು ಕಾಣುವುದಿಲ್ಲ.

ಮೊದಲನೆಯ ತೊಡಕು ಟಿಕೇಟಿನದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಆದರೆ ಈ ಸೌಲಭ್ಯ ಖಾಸಗಿ ಬಸ್ಸುಗಳಿಗೆ ಅನ್ವಯಿಸದು. ಈ ಜಿಲ್ಲೆಯಲ್ಲಿ ಅವೇ ಬಹಳ. ಆದಕಾರಣ ಎಲ್ಲರ ದುಡ್ಡೂ ಒಬ್ಬರ ಕೈಯಲ್ಲಿರಲಿ. ಗುರುತಿನ ಚೀಟಿಗಳೂ ಅಲ್ಲಿಯೇ ಇರಲಿ. ಭಾವ ಮುಂದಿನ ಬಾಗಿಲಲ್ಲಿ, ಚಿಕ್ಕಪ್ಪ ಹಿಂದಿನ ಬಾಗಿಲಲ್ಲಿ ಮರ್ಯಾದೆಗಾಗಿ ಎರಡೆರಡು ಸಲ ಟಿಕೇಟು ಕೊಳ್ಳುವ ಪ್ರಸಂಗ ತಪ್ಪುತ್ತದೆ.

ಎರಡನೆಯದು ಮಕ್ಕಳ ವಾಂತಿ. ನಮ್ಮ ಒಳಗಿವಿಯಲ್ಲಿ ದೇಹದ ಸಮತೋಲವನ್ನು ಅರಿಯುವ ಅಂಗವಿದೆ. ತಿರುವು ಬಂದಾಗ ಅದು ‘ದೇಹ ಓಲಾಡುತ್ತಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಮಗುವನ್ನು ಮುಂದುಗಡೆ ಕುಳ್ಳಿರಿಸಿ ದೂರದ ಗುಡ್ಡವನ್ನು ತೋರಿಸಿದರೆ ಕಣ್ಣೂ ಕಿವಿಯೂ ಬಹುಮಟ್ಟಿಗೆ ಒಂದೇ ಮಾತು ಹೇಳುತ್ತವೆ. ಹೊರಡುವ ಮೊದಲು ಹೊಟ್ಟೆ ಬಿರಿಯುವಷ್ಟು ತಿನ್ನಿಸುವುದೂ ಬೇಡ, ಬರಿಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು.

ಮೂರನೆಯದು ಹೊತ್ತಿನ ಲೆಕ್ಕ. ಬಂಟ್ವಾಳದ ರೈಲು ನಿಲ್ದಾಣವಿರುವುದು ಹಳೆಯ ಪೇಟೆಯಲ್ಲಲ್ಲ, ಬಿ.ಸಿ. ರೋಡಿನಲ್ಲಿ. ಇದನ್ನರಿಯದೆ ಪೇಟೆಯಲ್ಲಿ ಇಳಿದರೆ ಸಾಮಾನು ಸಮೇತ ಮತ್ತೊಮ್ಮೆ ಹತ್ತಬೇಕು. ಮಳೆಗಾಲವಾದರೆ ಇನ್ನಷ್ಟು ಬಿಡುವು ಇರಲಿ. 1923ರಲ್ಲೂ 1974ರಲ್ಲೂ ನೇತ್ರಾವತಿ ಬಂಟ್ವಾಳಕ್ಕೆ ನುಗ್ಗಿದ್ದನ್ನು ಊರು ಮರೆತಿಲ್ಲ. ಅಂಥ ನೆರೆ ಅಪರೂಪವೇ ಸರಿ. ಆದರೆ ಜಡಿಮಳೆಯಲ್ಲಿ ಕೊನೆಯ ಬಸ್ಸನ್ನೇ ನಂಬಿ ಮಕ್ಕಳನ್ನೂ ಮುದುಕರನ್ನೂ ಕರೆದೊಯ್ಯುವುದು ಜಾಣತನವಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಯಾರ ಬಾಯಲ್ಲೂ ಬರುವುದಿಲ್ಲ. ಹತ್ತು ಜನ ಕಂಬಗಳ ಕೆತ್ತನೆ ನೋಡುವಾಗ ಮನೆಯ ಹಿರಿಯ ಸೊಸೆ ಚೀಲಗಳನ್ನು ಕಾಯುತ್ತ ಅಂಗಳದಲ್ಲಿರುತ್ತಾಳೆ. ವೇಣೂರಿನಲ್ಲಿ ಮಗುವಿಗೆ ಹಾಲು, ಧರ್ಮಸ್ಥಳದ ಪಂಕ್ತಿಯಲ್ಲಿ ಅತ್ತೆಗೆ ಜಾಗ. ಊರಿಗೆ ಮರಳಿದ ಮೇಲೆ ‘ಏನು ನೋಡಿದೆ?’ ಎಂದರೆ ಅವಳಿಗೆ ನೆನಪಾಗುವುದು ಚೀಲಗಳೇ. ಇತ್ತ ಅಜ್ಜಿ, ತನ್ನಿಂದ ಎಲ್ಲರಿಗೂ ತಡವಾಯಿತೆಂದು ನೊಂದು, ಮುಂದಿನ ಸಲ ‘ನೀವು ಹೋಗಿ ಬನ್ನಿ ಮಕ್ಕಳೇ, ಮನೆಗೊಬ್ಬರು ಬೇಕಲ್ಲ’ ಎನ್ನುತ್ತಾಳೆ. ನಾವು ಅದನ್ನು ನಿಜವೆಂದೇ ನಂಬಿ ಹೊರಟುಬಿಡುತ್ತೇವೆ.

ಇದಕ್ಕೆ ಉಪಾಯ ಕಠಿಣವಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ದಿನದ ಲೆಕ್ಕ ಹಾಕಬೇಕು. ನೋಡುವ ಸ್ಥಳಗಳಲ್ಲಿ ಒಂದನ್ನು ಬಿಟ್ಟರೆ ಎರಡು ಗಂಟೆ ಉಳಿಯುತ್ತದೆ. ಕಾರ್ಕಳದ ಗೊಮ್ಮಟನಿಗಾಗಿ ಬಂಡೆ ಹತ್ತಬೇಕು. ವೇಣೂರಿನ ಗೊಮ್ಮಟ ಫಲ್ಗುಣಿಯ ದಡದಲ್ಲಿದ್ದಾನೆ. ಮುದುಕರಿರುವ ಮನೆಯವರು ಯಾವುದನ್ನು ಆರಿಸಬೇಕೆಂದು ಹೇಳಬೇಕಾಗಿಲ್ಲ. ಚೀಲ ಕಾಯುವ ಸರದಿ ಗಂಡಸರಿಗೂ ಬರಲಿ. ಬಸ್ಸು ಹತ್ತುವ ಮೊದಲು ತಲೆ ಎಣಿಸುವ ಕೆಲಸವನ್ನು ಹತ್ತು ವರ್ಷದ ಹುಡುಗಿಗೆ ಒಪ್ಪಿಸಿ. ದೊಡ್ಡವರಿಗಿಂತ ಅವಳೇ ನಿಷ್ಠೆಯಿಂದ ಎಣಿಸುತ್ತಾಳೆ. ಆದರೆ ತನ್ನನ್ನೂ ಸೇರಿಸಿಕೊಳ್ಳುವಂತೆ ಅವಳಿಗೆ ಮೊದಲೇ ಹೇಳಿಡಬೇಕು.